ಅಂಚಿಲ್ಲದ ಎಲೆ

ಸಾಹುಕಾರರು ನನ್ನನ್ನು ಕೂತ್ಕೊಳ್ಳಿ ಅನ್ನಲಿಲ್ಲ. ಮಲ್ಲಂದೂರಿನಿಂದ ಮೇಲಕ್ಕೆ ಹೋದರೆ ಸಿಗುವ ಅವರ ಎಸ್ಟೇಟಿನ ಆಫೀಸಿನಲ್ಲಿ ನಾಲ್ಕು ಕುರ್ಚಿಗಳಿದ್ದವು. ಒಂದರಲ್ಲಿ ಔಷಧಿ ಕಂಪನಿಯ ಅಧಿಕಾರಿ ಆಗಲೇ ಕೂತಿದ್ದ. ನಾನು ನಿಂತುಕೊಂಡೇ ಲ್ಯಾಪ್‌ಟಾಪ್ ತೆರೆದೆ. ಸಾಹುಕಾರರು ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಫಿ ಎಲೆ ತೆಗೆದು ಅದರ ಕೀಲಿಮಣೆಯ ಮೇಲೆ ಹಾಕಿದರು.

"ಇದೆಂತದು ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಾಗುತ್ತಾ ಕೇಳಿ ಮೇಡಂ."

ಎಲೆಗಳು ಕಪ್ಪಾಗಿ, ಬೇಯಿಸಿ ತೆಗೆದ ಸೊಪ್ಪಿನ ಹಾಗೆ ಲೋಳೆಯಾಗಿದ್ದವು. ಕೊಳೆರೋಗ. ಈ ರೋಗ ಬಂದ ಎಲೆ ಕಳಚಿದರೂ ಕೆಳಗೆ ಬೀಳುವುದಿಲ್ಲ, ಬೂಷ್ಟಿನ ಎಳೆಯಲ್ಲಿ ಕೊಂಬೆಗೇ ಜೋತು ಬಿದ್ದಿರುತ್ತದೆ. ಆಫೀಸಿಗೆ ಬರುವ ದಾರಿಯಲ್ಲೇ ನಾನು ಈ ಎಲೆ ಬಂದ ತೋಟದ ಬ್ಲಾಕನ್ನು ನೋಡಿದ್ದೆ. ರಸ್ತೆಯ ಎಡಕ್ಕೆ, ಹಳೇ ಪದ್ಧತಿಯಲ್ಲಿ ಔಷಧಿ ಹೊಡೆದ ಗಿಡಗಳು ಹಸಿರಾಗಿದ್ದವು. ಬಲಕ್ಕೆ, ನನ್ನ ಲೆಕ್ಕದ ಪ್ರಕಾರ ಹೊಡೆದ ಗಿಡಗಳಲ್ಲಿ ಕಪ್ಪು ಚಿಂದಿ ನೇತಾಡುತ್ತಿತ್ತು. ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

ನನ್ನ ಕೆಲಸ ಏನು ಅಂತ ಇಲ್ಲಿ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದ್ರವ ಒಂದು ಗಟ್ಟಿ ಮೇಲ್ಮೈಯನ್ನು ಹೇಗೆ ಒದ್ದೆ ಮಾಡುತ್ತದೆ, ಅದರ ಮೇಲೆ ಹೇಗೆ ಹರಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು ನನ್ನ ಸಂಶೋಧನೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗುತ್ತದೆ, ತೊಳೆದ ಗಾಜಿನ ಮೇಲೆ ಚಪ್ಪಟೆಯಾಗುತ್ತದೆ. ಹನಿ ಮೇಲ್ಮೈಗೆ ತಾಗುವ ಜಾಗದಲ್ಲಿ ಅದರ ಅಂಚು ಎಷ್ಟು ಬಾಗಿ ನಿಂತಿದೆ ಎಂಬುದಕ್ಕೆ ಸ್ಪರ್ಶಕೋನ ಅನ್ನುತ್ತೇವೆ. ಕೋನ ದೊಡ್ಡದಾದರೆ ಹನಿ ಮುದುಡುತ್ತದೆ, ಸಣ್ಣದಾದರೆ ಹರಡುತ್ತದೆ. ನನ್ನ ಅರ್ಧ ಆಯಸ್ಸು ಈ ಒಂದು ಕೋನದ ಹಿಂದೆ ಹೋಗಿದೆ.

ಕಂಪನಿಯವರು ಒಂದು ಸ್ಪ್ರೆಡರ್ ತಂದಿದ್ದರು. ಸೋಪಿನ ಜಾತಿಯದೇ ಒಂದು ದ್ರವ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಇದನ್ನು ಸ್ವಲ್ಪ ಸೇರಿಸಿದರೆ ಹನಿ ಎಲೆಯ ಮೇಲೆ ಮುದುಡದೆ ಹರಡುತ್ತದೆ ಎನ್ನುವುದು ಅವರ ಮಾತು. ಹರಡಿದರೆ ಗಿಡವೊಂದಕ್ಕೆ ಎಷ್ಟು ದ್ರಾವಣ ಸಾಕು? ಅದನ್ನು ಲೆಕ್ಕ ಹಾಕಿ ಕೊಡಿ ಅಂತ ನನ್ನ ಹತ್ತಿರ ಬಂದಿದ್ದರು. ಕೊಟ್ಟೆ. ಕಾಫಿ ಎಲೆಯ ಅಡಿಭಾಗದ ಒಂದು ಚೂರನ್ನು, ಸಾಸಿವೆ ಕಾಳಿನಷ್ಟು ಅಗಲದ್ದನ್ನು, ಕಂಪ್ಯೂಟರಿನಲ್ಲಿ ಕಟ್ಟಿದೆ. ಅದರ ಸುತ್ತಲಿನ ಜಾಗವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ದ್ರವ ಎಷ್ಟು, ಗಾಳಿ ಎಷ್ಟು, ಯಾವ ಕಡೆಗೆ ಎಷ್ಟು ವೇಗ ಎಂದು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಿಸಿದೆ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಘಟನೆಗೆ ನಮ್ಮ ಯಂತ್ರ ಎರಡು ದಿನ ತೆಗೆದುಕೊಳ್ಳುತ್ತಿತ್ತು. ಹನಿ ಬಿತ್ತು, ಚಪ್ಪಟೆಯಾಯಿತು, ಪಕ್ಕದ ಹನಿಗೆ ಕೂಡಿಕೊಂಡಿತು, ಎಲೆಯ ಆ ಚೂರೆಲ್ಲ ಒಂದು ತೆಳು ಪದರ ಆಯಿತು. ಅರ್ಧದಷ್ಟು ದ್ರಾವಣ ಸಾಕು ಎಂದು ಬರೆದೆ. ಅದನ್ನು ನಂಬಿ ಈ ಸಾಹುಕಾರರು ಮಳೆಗಾಲಕ್ಕೆ ಮುಂಚೆ ಒಂದು ಬ್ಲಾಕ್ ಬಿಟ್ಟುಕೊಟ್ಟರು.

ಈಗ ಆಗಸ್ಟ್. ಆ ಬ್ಲಾಕಿನ ಎಲೆ ನನ್ನ ಕೀಲಿಮಣೆಯ ಮೇಲೆ ಬಿದ್ದಿತ್ತು.

"ಲೆಕ್ಕ ಸರಿ ಇದೆ ಸಾರ್," ಅಂತ ಅಧಿಕಾರಿ ನನಗಿಂತ ಮೊದಲು ಬಾಯಿ ಹಾಕಿದ. "ಹೊಡೆಯೋದ್ರಲ್ಲಿ ತಪ್ಪಾಗಿದೆ. ಎಲೆ ಅಡಿಗೆ ಹೊಡೀಬೇಕು ಅಂತ ಹೇಳಿದ್ದೆ. ಇವರು ಮೇಲ್ಗಡೆಗೇ ಹೊಡೆದು ಹೋಗಿದ್ದಾರೆ. ನಿಮ್ಮ ಮೇಸ್ತ್ರಿನ ಕರೆಸಿ ಕೇಳಿ."

ಮೇಸ್ತ್ರಿ ಹೊರಗೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ತನ್ನ ಗ್ಯಾಂಗಿನ ಹತ್ತು ಹನ್ನೆರಡು ಜನರ ಜೊತೆ ನಿಂತಿದ್ದ. ಐವತ್ತು ದಾಟಿದ ಮನುಷ್ಯ. ಔಷಧಿ ಹೊಡೆಯುವ ಗ್ಯಾಂಗಿಗೆ ಅವನೇ ಮುಂದಾಳು. ಉಗುರಿನ ಸಂದಿಯ ನೀಲಿ ಯಾವ ತೊಳೆತಕ್ಕೂ ಹೋಗುವಂಥದ್ದಲ್ಲ. ಸಾಹುಕಾರರು ಬಾಗಿಲಲ್ಲಿ ನಿಂತು ಗದರಿದರು.

"ಎಲೆ ಅಡಿಗೆ ಹೊಡೆದ್ಯೇನೋ, ಇಲ್ವೇನೋ?"

"ಅಡಿಗೇ ಹೊಡ್ದಿದ್ದು ಸಾವ್ಕಾರ್ರೆ. ಎಲ್ಲ ಗಿಡಕ್ಕೂ. ಒದ್ದೆ ಚೆನ್ನಾಗೇ ಆಯ್ತು. ಆದ್ರೆ ನೀಲಿ ನಿಲ್ಲಲಿಲ್ಲ."

"ಹಾಗಂದ್ರೆ ಎಂತದು?"

"ಯಾವಾಗ್ಲೂ ಒಣಗಿದ ಮೇಲೆ ಎಲೆ ಅಡಿಗೆ ನೀಲಿ ಚುಕ್ಕೆ ಕಾಣುತ್ತೆ. ಮಳೆ ಬಂದ್ರೂ ತಿಂಗಳುಗಟ್ಲೆ ಇರುತ್ತೆ. ಈ ಸಲ ಎರಡು ಮಳೆ ಬಿದ್ದದ್ದೇ ತಡ, ಅಡಿಗೆ ಏನೂ ಇರ್ಲಿಲ್ಲ. ನಾನು ಆವತ್ತೇ ರೈಟರಿಗೆ ಹೇಳಿದ್ದೆ."

ಎಸ್ಟೇಟಿನ ಲೆಕ್ಕ, ಹಾಜರಿ ಎಲ್ಲ ನೋಡಿಕೊಳ್ಳುವ ರೈಟರ್ ಒಳಗಡೆಯೇ ಇದ್ದ. ಹಾಜರಿ ಪುಸ್ತಕದ ಹಾಳೆ ಮಗುಚಿದ.

ಆಗ ನಾನು ಮಾತಾಡಿದೆ. ಬೆಳಗಿನಿಂದ ನಿಂತೇ ಇದ್ದೆ, ಮೈ ಉರಿಯುತ್ತಿತ್ತು. ತಿರುಗಿಸಿ ಯಾರಿಗಾದರೂ ಒಂದು ಮಾತು ಹೇಳಬೇಕಿತ್ತು. ಸಾಹುಕಾರರಿಗೆ ಹೇಳುವ ಹಾಗಿರಲಿಲ್ಲ. ಮೇಸ್ತ್ರಿ ಸಿಕ್ಕಿದ.

"ಒಂದು ನಿಮಿಷ," ಅಂದೆ. "ಮಳೆ ಎಲ್ಲಿಂದ ಬೀಳುತ್ತೆ?"

ಅವನು ನನ್ನ ಮುಖ ನೋಡಿದ. "ಮೇಲಿಂದ."

"ಔಷಧಿ ಎಲ್ಲಿದೆ?"

"ಎಲೆ ಅಡಿಗೆ."

"ಎಲೆಯೇ ಕೊಡೆ ಹಿಡಿದ ಹಾಗೆ ಮೇಲಿದೆ. ಮಳೆ ಬಂದು ಅಡಿಗಿರೋ ನೀಲಿನ ಹೇಗೆ ತೊಳೀತು, ಹೇಳಿ? ಅಲ್ಲಿ ಮೊದಲೇ ನೀಲಿ ಇರ್ಲಿಲ್ಲ ಅನ್ನಿ, ನಂಬ್ತೀನಿ."

ಗ್ಯಾಂಗಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಅಧಿಕಾರಿಯೂ ನಕ್ಕ. ಮೇಸ್ತ್ರಿ "ಅದು ನಂಗೊತ್ತಿಲ್ಲ ಮೇಡಂ. ಇರ್ಲಿಲ್ಲ ಅನ್ನೋದು ಗೊತ್ತು" ಅಂದ.

ಅಧಿಕಾರಿ ಅಲ್ಲೇ ಒಂದು ಕಾಗದ ಮುಂದಿಟ್ಟ. ನಾನು ಅಲ್ಲೇ ಬರೆದೆ: ಗಣಕ ಅನುಕರಣೆಯ ಫಲಿತಾಂಶದಲ್ಲಿ ದೋಷ ಕಂಡುಬಂದಿಲ್ಲ, ಸಿಂಪಡಣೆಯಲ್ಲಿ ಲೋಪವಾಗಿರುವ ಸಾಧ್ಯತೆ ಹೆಚ್ಚು. ಕೆಳಗೆ ಸಹಿ, ಹುದ್ದೆ. ಹೊರಡುವಾಗ ಸಾಹುಕಾರರ ಮುಖ ಒಂದಿಷ್ಟೂ ಸಡಿಲವಾಗಿರಲಿಲ್ಲ. ಆದರೆ ಅವರ ಸಿಟ್ಟು ನನ್ನಿಂದ ಬೇರೆ ಕಡೆ ತಿರುಗಿತ್ತು. ನನಗೆ ಅಷ್ಟು ಸಾಕಾಗಿತ್ತು.

ಹದಿನೈದು ದಿನ ಕಳೆದ ಮೇಲೆ, ಕಡತಕ್ಕೆ ಸೇರಿಸಲು ಆ ಬ್ಲಾಕಿನ ಒಂದಷ್ಟು ಎಲೆ ಬೇಕಾಗಿ ರೈಟರಿಗೆ ಫೋನ್ ಮಾಡಿದೆ. ಮೇಸ್ತ್ರಿಯ ಕೈಲಿ ಕೊಯ್ಸಿ ಇಡಿ, ನಾನು ಬಂದು ತಗೊಳ್ತೀನಿ ಅಂದೆ.

"ಮೇಸ್ತ್ರಿ ಎಲ್ಲಿದಾನೆ ಮೇಡಂ," ಅಂದ ರೈಟರ್. "ನಿಮ್ಮ ಕಾಗದ ಓದಿದ ದಿನವೇ ಆಳುಗಳ ಲೈನಲ್ಲಿ ಅವನಿದ್ದ ಮನೆ ಖಾಲಿ ಮಾಡ್ಸಿದ್ರಲ್ಲ. ಇಪ್ಪತ್ತಮೂರು ವರ್ಷ ಇಲ್ಲಿದ್ದ. ಹೆಂಡ್ತಿನ ಕರ್ಕೊಂಡು ಕಳಸದ ಕಡೆ ಹೋದ ಅಂತಾರೆ. ಎಲೆ ಬೇಕಾದ್ರೆ ನೀವೇ ಬಂದು ಕೊಯ್ಕೊಳ್ಳಿ."

ಫೋನ್ ಇಟ್ಟುಬಿಟ್ಟ.

ನಾನು ಅಳಲಿಲ್ಲ, ಪಶ್ಚಾತ್ತಾಪವನ್ನೂ ಪಡಲಿಲ್ಲ. ಮೊದಲು ಬಂದದ್ದು ಸಿಟ್ಟೇ. ಸಾಹುಕಾರರ ಮೇಲೆ, ರೈಟರ್ ಮೇಲೆ, ನನ್ನ ಕಾಗದವನ್ನು ಅಷ್ಟು ಬೇಗ ಓದಿದ್ದರ ಮೇಲೆ. ಸಾಧ್ಯತೆ ಅಂತ ಬರೆದಿದ್ದೆ, ಖಚಿತ ಅಂತ ಅಲ್ಲವಲ್ಲ, ಎಂದು ಗೋಡೆಗೆ ಹೇಳಿದೆ. ನನ್ನ ಲೆಕ್ಕ ಸರಿ ಎಂದು ಮತ್ತೊಮ್ಮೆ ತೋರಿಸಿಕೊಂಡರೆ ಈ ಉರಿ ಇಳಿಯುತ್ತದೆ ಅನ್ನಿಸಿತು. ಆ ಒಂದು ಉದ್ದೇಶಕ್ಕೆ ಹಳೇ ಕಡತ ತೆರೆದೆ.

ಹೊಸ ಎಲೆ ತಂದೆ. ಒಂದಷ್ಟಕ್ಕೆ ಬರೀ ಬೋರ್ಡೋ, ಒಂದಷ್ಟಕ್ಕೆ ಸ್ಪ್ರೆಡರ್ ಬೆರೆಸಿದ್ದು ಹೊಡೆದು ಒಣಗಿಸಿದೆ. ಸೂಜಿಯಿಂದ ಒಂದು ಹನಿ ನೀರು ಇಟ್ಟು, ಪಕ್ಕದಿಂದ ಫೋಟೋ ತೆಗೆದು, ಕೋನ ಅಳೆದೆ. ಸೂಜಿಯಿಂದ ನೀರು ತುಂಬುತ್ತಾ ಹೋದರೆ ಹನಿಯ ಅಂಚು ಮುಂದೆ ಸರಿಯುವಾಗ ಒಂದು ಕೋನ ಸಿಗುತ್ತದೆ, ಹೀರಿಕೊಂಡರೆ ಹಿಂದೆ ಸರಿಯುವಾಗ ಇನ್ನೊಂದು. ಎರಡೂ ಬೇಕು. ಹಿಂದೆ ನಾನು ದ್ರಾವಣದ ಕೋನವನ್ನು ಹಸಿ ಎಲೆಯ ಮೇಲೆ ಅಳೆದಿದ್ದೆ, ಒಣಗಿದ ಪದರದ ಮೇಲೆ ಮಳೆನೀರಿನ ಕೋನವನ್ನು ಅಳೆದೇ ಇರಲಿಲ್ಲ. ಈಗ ಅಳೆದಾಗ ಬರೀ ಬೋರ್ಡೋ ಎಲೆಯ ಮೇಲೆ ನೀರು ದುಂಡಗೆ ಕೂತಿತು. ಸ್ಪ್ರೆಡರ್ ಇದ್ದ ಎಲೆಯ ಮೇಲೆ ಹನಿ ಇಟ್ಟದ್ದೇ ತಡ, ಚಾಪೆ ಬಿಚ್ಚಿದ ಹಾಗೆ ಮಲಗಿತು. ಒಣಗಿದ ಪದರದಲ್ಲಿ ಆ ಸೋಪು ಹಾಗೇ ಕೂತಿದೆ, ನೀರು ಸಿಕ್ಕ ಕೂಡಲೇ ಮತ್ತೆ ಎದ್ದು ಕೆಲಸ ಮಾಡುತ್ತಿದೆ ಎಂದಾಯಿತು.

ಇದು ಮನಸ್ಸಿಗೆ ಚುಚ್ಚಿತು, ಆದರೂ ನನ್ನ ವಾದ ಬೀಳಲಿಲ್ಲ. ನೀರು ಸಿಕ್ಕರೆ ತಾನೇ ಏಳುವುದು? ಅಡಿಗೆ ನೀರು ಹೇಗೆ ಸಿಗುತ್ತದೆ?

ಮಳೆಯ ಹನಿಯನ್ನು ಅನುಕರಿಸಿ ನೋಡೋಣ ಎಂದು ಹಳೇ ಪ್ರೋಗ್ರಾಮಿಗೆ ಎಲೆಯ ಮೇಲ್ಭಾಗವನ್ನೂ ಸೇರಿಸಿದೆ. ನೀರು ಮೇಲೆ ಬಿತ್ತು. ಹರಡಿತು. ಬಲಕ್ಕೆ ಹರಿಯಿತು. ಬಲಕ್ಕೆ ಹರಿದದ್ದು ಪರದೆಯ ಎಡಗಡೆಯಿಂದ ಒಳಗೆ ಬಂತು. ಮತ್ತೆ ಬಲಕ್ಕೆ ಹೋಯಿತು, ಮತ್ತೆ ಎಡದಿಂದ ಬಂತು. ನಾನು ಅದನ್ನು ನೋಡುತ್ತಾ ಕೂತೆ.

ನಮ್ಮ ವಿದ್ಯೆಯಲ್ಲಿ ಇದೊಂದು ಮಾಮೂಲು ಉಪಾಯ. ಸಣ್ಣ ಚೂರನ್ನು ಕಟ್ಟಿ, ಒಂದು ಬದಿಯಿಂದ ಹೊರಟದ್ದು ಇನ್ನೊಂದು ಬದಿಯಿಂದ ಬರಲಿ ಎಂದು ಒಂದು ಸಾಲು ಬರೆದುಬಿಟ್ಟರೆ ಆ ಚೂರು ಕೊನೆಯೇ ಇಲ್ಲದ ಹಾಳೆಯಂತೆ ವರ್ತಿಸುತ್ತದೆ. ಲೆಕ್ಕ ಹಗುರಾಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಕಲಿತದ್ದು, ಕೈ ತಾನಾಗಿ ಬರೆಯುತ್ತದೆ. ಈ ಕಾಫಿ ಎಲೆಗೂ ಬರೆದಿತ್ತು. ಅಂದರೆ ನನ್ನ ಎಲೆಗೆ ಅಂಚೇ ಇರಲಿಲ್ಲ. ಮೇಲಿನ ನೀರಿಗೆ ಅಡಿಗೆ ಹೋಗುವ ದಾರಿಯನ್ನು ನಾನೇ ಇಟ್ಟಿರಲಿಲ್ಲ. ಆಮೇಲೆ ಆ ಕಣದ ಅಂಚಿನಲ್ಲಿ ನಿಂತಿದ್ದವನನ್ನು, ದಾರಿ ಎಲ್ಲಿದೆ ತೋರಿಸು ಎಂದು ಕೇಳಿದ್ದೆ.

ಅಂಚು ಕಟ್ಟುವುದಕ್ಕೆ ಮೂರು ವಾರ ಹಿಡಿಯಿತು. ಮೊದಲ ವಾರ ಲೆಕ್ಕವೇ ಸ್ಥಿರವಾಗಿ ನಿಲ್ಲಲಿಲ್ಲ. ನೀರು ಗಾಳಿಗಿಂತ ಎಷ್ಟೋ ಪಟ್ಟು ಭಾರ. ಮೂಲೆಯಲ್ಲಿ ಎರಡರ ಗಡಿ ಬಂದ ಕೂಡಲೇ ವೇಗಗಳು ಹುಚ್ಚೆದ್ದು ಪರದೆ ತುಂಬ ಅರ್ಥವಿಲ್ಲದ ಅಂಕಿ ಬರುತ್ತಿತ್ತು. ಹೆಜ್ಜೆ ಸಣ್ಣ ಮಾಡಿದೆ, ಅಂಚಿನ ಹತ್ತಿರ ಮಾತ್ರ ಚೌಕಗಳನ್ನು ಇನ್ನೂ ಕಿರಿದು ಮಾಡಿದೆ. ಮೊದಲು ಎಲೆಯ ಅಡ್ಡಸೀಳಿನಲ್ಲಿ ಎರಡೇ ಆಯಾಮದ ಲೆಕ್ಕ ಮಾಡಿ, ಅದು ನಿಂತ ಮೇಲೆ ಮೂರನೆಯದಕ್ಕೆ ಹೋದೆ.

ಲೆಕ್ಕ ನಿಂತ ದಿನ ಉತ್ತರ ನನ್ನ ಪರವಾಗಿಯೇ ಬಂತು. ನೀರು ಅಂಚಿನ ತನಕ ಹರಿಯಿತು, ಅಲ್ಲಿ ಕಚ್ಚಿಕೊಂಡು ಉಬ್ಬಿತು, ಉಬ್ಬಿ ಉಬ್ಬಿ ತೊಟ್ಟಿಕ್ಕಿತು. ಒಂದು ಹನಿಯೂ ಅಡಿಗೆ ತಿರುಗಲಿಲ್ಲ. ಸ್ಪ್ರೆಡರ್ ಇದ್ದರೂ ತಿರುಗಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಅರ್ಧ ದಿನ ಬಿಟ್ಟಿದ್ದೆ ಕೂಡ. ಕಂಪನಿಗೆ ಕಳಿಸಲು ಚಿತ್ರ ಜೋಡಿಸಲು ಶುರು ಮಾಡಿದ್ದೆ. ಚಿತ್ರ ದೊಡ್ಡದು ಮಾಡಿ ನೋಡಿದಾಗ ಕಣ್ಣಿಗೆ ಬಿದ್ದದ್ದು ನನ್ನ ಎಲೆಯ ಅಂಚು, ಗರಗಸದಿಂದ ಕೊಯ್ದ ಹಲಗೆಯ ಹಾಗೆ ಚೂಪು ಮೂಲೆ. ಅಂಥ ಮೂಲೆಯಲ್ಲಿ ದ್ರವ ಕಚ್ಚಿಕೊಂಡು ನಿಲ್ಲುತ್ತದೆ ಎಂದು ನಾನೇ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಚೌಕಗಳಿಂದ ಕಟ್ಟಲು ಸುಲಭವಾಗಲಿ ಎಂದು ಹಾಗೆ ಕಟ್ಟಿದ್ದೆ. ಕಾಫಿ ಎಲೆಯ ಅಂಚನ್ನು ನಾನು ಯಾವತ್ತೂ ಹತ್ತಿರದಿಂದ ನೋಡಿರಲಿಲ್ಲ.

ಬ್ಲೇಡಿನಲ್ಲಿ ಎಲೆಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟೆ. ಅಂಚು ದುಂಡಗಿತ್ತು. ಅಲೆ ಅಲೆಯಾಗಿ ಬಾಗಿರುವ ಕಡೆಯಲ್ಲಿ ಸ್ವಲ್ಪ ಕೆಳಕ್ಕೆ ಮಡಚಿಕೊಂಡೂ ಇತ್ತು. ಆ ಆಕಾರವನ್ನು ಫೋಟೋದಿಂದ ತೆಗೆದು ಹಾಗೇ ಪ್ರೋಗ್ರಾಮಿನಲ್ಲಿ ಇಟ್ಟೆ. ಮತ್ತೆ ಎರಡು ದಿನ.

ಬರೀ ಬೋರ್ಡೋ ಎಲೆಯಲ್ಲಿ ನೀರು ಅಂಚಿಗೆ ಬಂದು, ದುಂಡನ್ನು ಅರ್ಧ ಸುತ್ತಿ, ತೊಟ್ಟಿಕ್ಕಿತು. ಸ್ಪ್ರೆಡರ್ ಎಲೆಯಲ್ಲಿ ನಿಲ್ಲಲೇ ಇಲ್ಲ. ಕೆಟಲಿನ ಮೂತಿಯಿಂದ ಚಹಾ ಅಡಿಗೆ ಹರಿದು ಮೇಜಿಗೆ ಬೀಳುತ್ತದಲ್ಲ, ಅದೇ ರೀತಿ, ಅಂಚನ್ನು ಪೂರ್ತಿ ಸುತ್ತಿ ಅಡಿಭಾಗಕ್ಕೆ ಬಂದು, ಎಲೆಗೆ ಅಂಟಿಕೊಂಡೇ ಒಳಗೆ ಸರಿದು, ನಡುನರದ ತನಕ ಹೋಗಿ ಅಲ್ಲಿಂದ ಬಿತ್ತು. ಹೋದ ದಾರಿಯಲ್ಲೆಲ್ಲ ಪದರವನ್ನು ಎಬ್ಬಿಸಿಕೊಂಡು ಹೋಗಿತ್ತು. ಮೊದಲೇ ಅರ್ಧ ದ್ರಾವಣ, ಇದ್ದದ್ದೂ ತೊಳೆದು ಹೋಯಿತು. ನೀಲಿ ನಿಲ್ಲಲಿಲ್ಲ.

ಮರುದಿನ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಕಂಪನಿಯ ಅಧಿಕಾರಿಯೂ ಇದ್ದ. ನಾನೇ ಕರೆಸಿದ್ದೆ. ಚಿತ್ರ ತೋರಿಸಿ, ನನ್ನ ಹಳೇ ವರದಿಯನ್ನೂ ಆ ಕಾಗದವನ್ನೂ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂದೆ.

"ನಾವು ಕೇಳಿದ್ದು ಹರಡುತ್ತಾ ಇಲ್ವಾ ಅಂತ. ಹರಡುತ್ತೆ ಅಂತ ನೀವೇ ತೋರಿಸಿದ್ದೀರಿ," ಅಂದ ಅಧಿಕಾರಿ. "ಮಳೆ ವಿಷಯ ನಾವು ಕೇಳಿಲ್ಲ."

"ಮಲೆನಾಡಲ್ಲಿ ಮಾರೋ ಔಷಧಿಗೆ ಮಳೆ ವಿಷಯ ಕೇಳಿಲ್ಲ ಅನ್ನೋದನ್ನೂ ನಾನು ವರದಿಯಲ್ಲಿ ಬರೀತೀನಿ."

"ಒಪ್ಪಂದ ಓದಿ ಮೇಡಂ. ನಮ್ಮ ಅನುಮತಿ ಇಲ್ದೆ ಒಂದು ಹಾಳೆ ಹೊರಗೆ ಹೋಗೋ ಹಾಗಿಲ್ಲ. ಹೋದ್ರೆ ನಮ್ಮ ವಕೀಲರು ಮಾತಾಡ್ತಾರೆ, ನಾನಲ್ಲ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ನೋಡಿ, ನೀವು ಸಹಿ ಹಾಕಿದ ಕಾಗದನ ಎರಡು ತಿಂಗಳಲ್ಲಿ ನೀವೇ ಸುಳ್ಳು ಅಂದ್ರೆ ನಾಳೆ ನಮ್ಮ ಹತ್ರ ಯಾರು ಬರ್ತಾರೆ? ಸುಮ್ನಿರಿ. ಮುಂದಿನ ವರ್ಷ ಒಂದು ಪ್ರಬಂಧದಲ್ಲಿ ಇದನ್ನ ಮಿತಿ ಅಂತ ಒಂದು ಸಾಲಲ್ಲಿ ಹಾಕಿದ್ರಾಯ್ತು."

"ಆ ಮೇಸ್ತ್ರಿ ಪ್ರಬಂಧ ಓದಲ್ಲ ಸಾರ್."

"ಯಾವ ಮೇಸ್ತ್ರಿ?" ಅಂದರು ಮುಖ್ಯಸ್ಥರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಧಿಕಾರಿಗೆ ಗೊತ್ತಿತ್ತು. ಅವನು ಮೊಬೈಲ್ ನೋಡತೊಡಗಿದ.

ಕೋಣೆಯಿಂದ ಹೊರಗೆ ಬಂದು ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಹಾಳೆ ಹೊರಗೆ ಹೋಗುವ ಹಾಗಿಲ್ಲ, ಸರಿ. ಚಿತ್ರ, ಅಂಕಿ, ಪ್ರೋಗ್ರಾಮು ಎಲ್ಲ ಅವರದೇ ಇರಲಿ. ಕಾಫಿ ಎಲೆ, ನೀರು, ಮೈಲುತುತ್ತ, ಸುಣ್ಣ ಯಾವ ಒಪ್ಪಂದದಲ್ಲೂ ಇಲ್ಲ. ಸ್ಪ್ರೆಡರ್ ಕ್ಯಾನು ಸಾಹುಕಾರರ ಸ್ಟೋರಿನಲ್ಲೇ ಇನ್ನೂ ಉಳಿದಿದೆ. ಅವತ್ತೇ ರಜೆ ಬರೆದುಕೊಟ್ಟು, ಎರಡು ಸಿರಿಂಜು, ನಾಲ್ಕು ಕ್ಲಿಪ್ಪು, ಎರಡು ಬಿಳಿ ತಟ್ಟೆ ಚೀಲಕ್ಕೆ ಹಾಕಿಕೊಂಡು ಮಾರನೇ ಬೆಳಿಗ್ಗೆ ಮಲ್ಲಂದೂರಿನ ಬಸ್ಸು ಹತ್ತಿದೆ.

ಸಾಹುಕಾರರು ಗೇಟಿನಲ್ಲೇ ತಡೆದರು. "ಇನ್ನೆಂತ ಬಾಕಿ ಇದೆ ನಿಮ್ದು?"

"ಔಷಧಿ ಹೊಡೆದವರದಲ್ಲ ಸಾರ್ ತಪ್ಪು, ನನ್ನದು. ತೋರಿಸೋಕೆ ಬಂದೆ. ಎರಡು ಗಂಟೆ ಕೊಡಿ."

ಅವರು ನನ್ನ ಚೀಲದ ಕಡೆ ನೋಡಿದರು. "ನಿಮ್ಮ ಎಲೆ ಬೇಡ. ನನ್ನ ತೋಟದ್ದು ನಾನೇ ಕೊಯ್ತೀನಿ. ದ್ರಾವಣ ರೈಟರ್ ಮಾಡ್ತಾನೆ. ನೀವು ಏನೂ ಮುಟ್ಟಬಾರದು."

ಹಾಗೇ ಆಯಿತು. ರೈಟರ್ ಎರಡು ಬಕೆಟ್ಟಿನಲ್ಲಿ ದ್ರಾವಣ ಮಾಡಿದ. ಒಂದರಲ್ಲಿ ಸ್ಪ್ರೆಡರ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಸಾಹುಕಾರರು ಎಲೆಗಳನ್ನು ಅದರಲ್ಲಿ ಅದ್ದಿ ಆಫೀಸಿನ ಫ್ಯಾನಿನ ಕೆಳಗೆ ಹಗ್ಗಕ್ಕೆ ಸಿಕ್ಕಿಸಿದರು. ಒಣಗುವವರೆಗೆ ನಾವು ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದೆವು. ಒಳಗಿನಿಂದ ಕಾಫಿ ಬಂತು. ಎರಡೇ ಲೋಟ.

ಒಣಗಿದ ಮೇಲೆ ಎಲೆಗಳನ್ನು ಗಿಡದಲ್ಲಿರುವ ಹಾಗೆ ಸ್ವಲ್ಪ ಓರೆಯಾಗಿ ಕ್ಲಿಪ್ಪಿಗೆ ಹಾಕಿಸಿ, ಕೆಳಗೆ ಬಿಳಿ ತಟ್ಟೆ ಇಡಿಸಿದೆ. ಸಾಹುಕಾರರೇ ಸಿರಿಂಜು ಹಿಡಿದು ಎಲೆಯ ಮೇಲೆ ನೀರು ಬಿಟ್ಟರು. ಮೊದಲನೆಯದರಲ್ಲಿ ನೀರು ಅಂಚಿಗೆ ಬಂದು ಮಣಿಯಾಗಿ ತಟ್ಟೆಗೆ ಬಿತ್ತು. ತಟ್ಟೆಯ ನೀರು ತಿಳಿಯಾಗಿತ್ತು. ಎರಡನೆಯದರಲ್ಲಿ ಅಂಚಿನಿಂದ ಏನೂ ಬೀಳಲಿಲ್ಲ.

"ನೀರೆಲ್ಲಿ ಹೋಯ್ತು?" ಅಂದರು.

"ಬಗ್ಗಿ ನೋಡಿ ಸಾರ್."

ಸಾಹುಕಾರರು ಮೊಣಕಾಲೂರಿ ಬಗ್ಗಿದರು. ಎಲೆಯ ಅಡಿಯಲ್ಲಿ ನೀರಿನ ಒಂದು ತೆಳು ನಾಲಿಗೆ ನಡುನರದ ಕಡೆಗೆ ಹರಿಯುತ್ತಿತ್ತು. ಅದು ಹೋದ ಕಡೆ ಹಸಿರು ಬಯಲಾಗುತ್ತಿತ್ತು. ನರದಿಂದ ತಟ್ಟೆಗೆ ಬಿದ್ದ ನೀರು ನೀಲಿ. ಅವರು ಎದ್ದು ಇನ್ನೊಂದು ಎಲೆ ಹಾಕಿ ಮತ್ತೆ ನೀರು ಬಿಟ್ಟರು. ಅದಾದ ಮೇಲೆ ಮತ್ತೊಂದು. ಪ್ರತಿ ಸಲವೂ ಅದೇ ಆಯಿತು. ಕೊನೆಗೆ ಸಿರಿಂಜನ್ನು ಮೇಜಿನ ಮೇಲೆ ಎಸೆದರು.

"ಹಾಗಾದ್ರೆ ನನ್ನ ತೋಟ ಹಾಳು ಮಾಡಿದ್ದು ನೀವು."

"ಹೌದು."

"ಆ ಕಂಪನಿಯವನೂ."

"ಅವರೂ ಹೌದು. ಆದ್ರೆ ಕಾಗದಕ್ಕೆ ಸಹಿ ಹಾಕಿದ್ದು ನಾನು."

"ನಿಮ್ಮನ್ನ ನಂಬಿ ನಾನು ಅವನನ್ನ ಬಾಯಿಗೆ ಬಂದ ಹಾಗೆ ಬೈದೆ. ಅವನ ಹೆಂಡ್ತಿ ಎದುರಿಗೆ." ನಾನು ಅಲ್ಲಿ ಸಮಾಧಾನ ಹೇಳಲು ಹೋಗಲಿಲ್ಲ. ಇಪ್ಪತ್ತಮೂರು ವರ್ಷ ನೋಡಿದ ಮನುಷ್ಯನಿಗಿಂತ ಒಂದು ದಿನ ನೋಡಿದ ನನ್ನ ಸಹಿಯನ್ನು ನಂಬಿದ್ದು ಅವರ ಆಯ್ಕೆ.

"ವಾಪಸ್ ಕರೀತೀರಾ?" ಎಂದು ಕೇಳಿದೆ.

ಉತ್ತರ ಕೊಟ್ಟದ್ದು ರೈಟರ್. ಆ ಕೋಣೆಯಲ್ಲಿ ಅವನು ತಾನಾಗಿ ಮಾತಾಡಿದ್ದು ಅದೊಂದೇ ಸಲ. "ಕರೆದಾಯ್ತು ಮೇಡಂ. ಮೊನ್ನೆ ಆಳು ಸಿಗ್ದೆ ಸಾವ್ಕಾರ್ರೇ ಫೋನ್ ಮಾಡ್ಸಿದ್ರು. ಬರಲ್ಲ ಅಂದ. ನನ್ನ ಹತ್ರ ಬೇರೆ ಒಂದು ಮಾತಿಗೂ ಒಪ್ಪಲಿಲ್ಲ." ಆಮೇಲೆ ಸಾಹುಕಾರರ ಕಡೆ ನೋಡದೆ ಅಂದ, "ಅವನು ನಂಗೆ ಹೇಳಿದ್ದು ನಿಜ. ನಾನು ಮುಂದಕ್ಕೆ ಹೇಳಿರ್ಲಿಲ್ಲ."

ಸಾಹುಕಾರರು ಅವನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ನನ್ನನ್ನು ಹೊರಗೆ ಹೋಗಿ ಅಂದರು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಸಾಹುಕಾರರು ಸುತ್ತಲಿನ ಬೆಳೆಗಾರರನ್ನೆಲ್ಲ ಕರೆದು ಅದೇ ಸಿರಿಂಜಿನಲ್ಲಿ ಅದೇ ಆಟ ತೋರಿಸಿದರಂತೆ. ನನ್ನ ಹೆಸರನ್ನು ಒಳ್ಳೆಯ ಮಾತಿನಲ್ಲಿ ಹೇಳಿರಲಿಕ್ಕಿಲ್ಲ. ಕಂಪನಿ ನನ್ನ ಯೋಜನೆಯನ್ನು ನಿಲ್ಲಿಸಿತು. ವಕೀಲರ ನೋಟಿಸು ಬಂತು, ನಾನು ಒಂದೂ ಹಾಳೆ ಹೊರಗೆ ಕೊಟ್ಟಿಲ್ಲ ಎಂದು ಉತ್ತರ ಬರೆದೆ, ಆಮೇಲೆ ಅವರು ಸುಮ್ಮನಾದರು. ಮುಖ್ಯಸ್ಥರು ಈಗಲೂ ನನ್ನ ಜೊತೆ ಕಡತದ ಮೂಲಕವೇ ಮಾತಾಡುತ್ತಾರೆ.

ಕಳಸಕ್ಕೆ ಹೋದದ್ದು ಮಳೆ ನಿಂತ ಮೇಲೆ. ಎಸ್ಟೇಟಿನ ಹೆಸರನ್ನು ರೈಟರ್ ಕೊಟ್ಟಿದ್ದ. ಮಧ್ಯಾಹ್ನದ ಊಟದ ಹೊತ್ತು. ಸಿಲ್ವರ್ ಓಕ್ ಮರಗಳ ಕೆಳಗೆ ಗ್ಯಾಂಗಿನವರು ಬುತ್ತಿ ಬಿಚ್ಚಿ ಕೂತಿದ್ದರು. ಇಲ್ಲಿ ಅವನು ಮೇಸ್ತ್ರಿಯಲ್ಲ, ಎಲ್ಲರ ಹಾಗೆ ಒಬ್ಬ ಆಳು. ನನ್ನನ್ನು ಕಂಡು ಏಳಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಬುತ್ತಿಯ ಮುಚ್ಚಳ ಹಾಕಿ ಮುಖ ಆ ಕಡೆ ತಿರುಗಿಸಿದಳು.

"ಎಂತಕ್ಕೆ ಬಂದ್ರಿ?"

ಹೇಳಿದೆ. ನನ್ನ ಲೆಕ್ಕ ತಪ್ಪಿತ್ತು, ನೀವು ಹೇಳಿದ್ದೇ ಸರಿ ಇತ್ತು, ಕ್ಷಮೆ ಕೇಳೋಕೆ ಬಂದೆ ಅಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಎರಡು ನಿಮಿಷದಲ್ಲಿ ಮುಗಿಯಿತು.

"ಆವತ್ತು ಕೇಳುವಾಗ ಎಲ್ಲರ ಎದುರಿಗೆ ಕೇಳಿದ್ರಿ," ಅಂದ ಅವನು. "ಈಗ ಸಣ್ಣ ದನಿಯಲ್ಲಿ ನಂಗೊಬ್ಬನಿಗೆ ಹೇಳ್ತಿದೀರಿ."

ನಿಜವಿತ್ತು. ನಾನು ಬಗ್ಗಿ, ಉಳಿದವರಿಗೆ ಕೇಳದ ಹಾಗೆಯೇ ಮಾತಾಡಿದ್ದೆ. ನೆಟ್ಟಗೆ ನಿಂತು, ಗ್ಯಾಂಗಿನ ಕಡೆ ತಿರುಗಿ, ಇನ್ನೊಂದು ಸಲ ಜೋರಾಗಿ ಹೇಳಿದೆ. ಪಕ್ಕದ ಗಿಡದಿಂದ ಎಲೆ ಕಿತ್ತು, ನೀರು ಅಂಚು ಸುತ್ತಿ ಅಡಿಗೆ ಹೇಗೆ ಹೋಗುತ್ತದೆ ಎಂದು ಬೆರಳಲ್ಲಿ ತೋರಿಸಿದೆ. ಯಾರೂ ನಗಲಿಲ್ಲ. ಒಬ್ಬ ಮುದುಕಿ ಮಾತ್ರ "ಇಷ್ಟು ತಿಳಿಯೋಕೆ ಕಂಪ್ಯೂಟರ್ ಬೇಕಾಯ್ತಾ ಮಾರಾಯ್ತಿ" ಅಂದಳು. ಬೇಕಾಯ್ತು ಅಂದೆ.

"ಬಾಯಿಮಾತು ಬೇಡ," ಅಂದ ಅವನು. "ಆವತ್ತಿಂದು ಕಾಗದದಲ್ಲಿತ್ತು. ಇದೂ ಕಾಗದದಲ್ಲಿ ಬೇಕು."

ಚೀಲದಿಂದ ಹಾಳೆ ತೆಗೆದು, ಮೊಣಕಾಲ ಮೇಲಿಟ್ಟು ಬರೆದೆ. ಅವನ ಹೆಸರು, ಊರು, ಆ ಎಸ್ಟೇಟು. ಸಿಂಪಡಣೆಯಲ್ಲಿ ಇವರಿಂದ ಯಾವ ಲೋಪವೂ ಆಗಿರಲಿಲ್ಲ, ನನ್ನ ಹಿಂದಿನ ಪತ್ರ ತಪ್ಪು, ಅದನ್ನು ಹಿಂತೆಗೆದುಕೊಂಡಿದ್ದೇನೆ. ಸಹಿ, ಹುದ್ದೆ. ಕೊಟ್ಟೆ.

ಅವನು ಕೈ ಒರೆಸಿಕೊಂಡು ಹಾಳೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಹಾಳೆಯನ್ನು ನನಗೇ ವಾಪಸ್ ಚಾಚಿದ.

"ಇದ್ರಲ್ಲಿ ನಾನು ತಪ್ಪು ಮಾಡಿಲ್ಲ ಅಂತ ಇದೆ."

"ಹೌದು."

"ಅಷ್ಟು ಸಾಕಾಗಲ್ಲ. ತಪ್ಪು ಮಾಡ್ದೆ ಸುಮ್ನಿದ್ದವರು ನಮ್ಮ ಗ್ಯಾಂಗಲ್ಲಿ ಹತ್ತು ಜನ ಇದ್ರು. ನಾನು ಸುಮ್ನಿರ್ಲಿಲ್ಲ. ನೋಡಿ ಹೇಳಿದ್ದೆ. ಎರಡು ಸಲ ಹೇಳಿದ್ದೆ, ರೈಟರಿಗೊಂದು ಸಲ, ನಿಮಗೊಂದು ಸಲ. ಅದನ್ನ ಬರೀರಿ."

ಆ ಹಾಳೆ ಹರಿದು ಹೊಸದರಲ್ಲಿ ಬರೆದೆ. ಔಷಧಿ ನಿಲ್ಲುತ್ತಿಲ್ಲ ಎಂಬುದನ್ನು ಮೊದಲು ಕಂಡವರು ಇವರು. ಕಂಡ ಕೂಡಲೇ ಹೇಳಿದವರೂ ಇವರು. ಹೇಳಿದಾಗ ನಾನು ಕೇಳಲಿಲ್ಲ. ಅಷ್ಟು ಬರೆಯುವಾಗ ಕೈ ನಿಧಾನವಾಯಿತು. ವಾಕ್ಯ ಕಷ್ಟದ್ದೇನಲ್ಲ.

ಅವನು ಓದಿ, ನಾಲ್ಕಾಗಿ ಮಡಚಿ, ಆಧಾರ್ ಕಾರ್ಡಿಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಅಂಗಿಯ ಒಳಜೇಬಿಗೆ ಸೇರಿಸಿದ. ಹೆಂಡತಿ ಬುತ್ತಿಯ ಮುಚ್ಚಳ ಮತ್ತೆ ತೆಗೆದಳು.

"ಆಯ್ತು," ಅಂದ. "ಇನ್ನು ನೀವು ಹೊರಡಿ. ನಮ್ಮ ಊಟ ಆಗಿಲ್ಲ."